ಪುಟ್ ಆನ್ (ಭಾಷೆ ಕಲಿಯೋ ಕಥೆ, ಭಾಗ 6)

ಇವತ್ತಿನ ಕ್ಯಾಪ್ಶನ್ ನಾನು ಮಾಡಿದ ಒಂದು ತಪ್ಪಿನ ಬಗ್ಗೆ. ಕೊನೆವರೆಗೂ ಓದಿ.

ಬೂಸಾನ್‌ನ ಹುಡುಗಿ ಜೊತೆ ಪ್ರತಿ ಭಾನುವಾರ ವಿಡಿಯೊ ಕಾಲ್ ಮಾಡ್ತೀನಿ ಅಂದಿದ್ನಲ್ಲ? ಅವಳು ನನಗೆ ಕೊರಿಯನ್ ಹೇಳ್ಕೊಡ್ತಾಳೆ, ನಾನು ಅವಳಿಗೆ ಇಂಗ್ಲಿಷ್. ಒಂದಿನ "ಐ ಆಮ್ ಪುಟಿಂಗ್ ಆನ್ ಅ ಬ್ಲೂ ಸ್ವೆಟರ್" ಅಂದಳು. ಸ್ವೆಟರ್ ಆಗಲೇ ಮೈಮೇಲಿತ್ತು. "ಅರ್ಧ ಗಂಟೆಯಿಂದ ಹಾಕ್ಕೊಳ್ತಾನೇ ಇದೀಯಾ?" ಅಂತ ಜೋರಾಗಿ ನಕ್ಕುಬಿಟ್ಟೆ. ಅವಳು ನಗಲಿಲ್ಲ. ಮುಂದಿನ ಎರಡು ಭಾನುವಾರ ಕಾಲ್ ಬರಲೇ ಇಲ್ಲ.

ಆಮೇಲೆ ನನ್ನ ಕೊರಿಯನ್ ಪಾಠದಲ್ಲೇ ಉತ್ತರ ಸಿಕ್ತು. "ಇಪ್ಕೊ ಇಸ್ಸೊಯೊ" ಅಂದ್ರೆ "ಹಾಕ್ಕೊಳ್ತಾ ಇದ್ದೀನಿ" ಅಂತಾನೂ ಆಗುತ್ತೆ, "ಹಾಕ್ಕೊಂಡಿದ್ದೀನಿ" ಅಂತಾನೂ ಆಗುತ್ತೆ. ಎರಡಕ್ಕೂ ಒಂದೇ ಮಾತು! ಇಂಗ್ಲಿಷ್‌ನಲ್ಲಿ ಹಾಕ್ಕೊಳ್ಳೋ ಕೆಲಸಕ್ಕೆ "ಪುಟ್ ಆನ್", ಹಾಕ್ಕೊಂಡಾದ್ಮೇಲೆ "ವೇರಿಂಗ್". ಅವಳು ಅವಳ ಭಾಷೆ ಪ್ರಕಾರ ಸರಿಯಾಗೇ ಯೋಚಿಸಿದ್ಲು.

ಇನ್ನೊಂದು ಕಷ್ಟ ಕೇಳಿ. ಕೊರಿಯನ್‌ನಲ್ಲಿ ಬಟ್ಟೆಗೆ "ಇಪ್ತಾ", ಶೂಗೆ "ಶಿನ್ತಾ", ಟೋಪಿ, ಕನ್ನಡಕಕ್ಕೆ "ಸ್ಸುದಾ", ಉಂಗುರಕ್ಕೆ "ಕ್ಕಿದಾ". ಇಂಗ್ಲಿಷ್ ಇವೆಲ್ಲಕ್ಕೂ ಒಂದೇ "ಪುಟ್ ಆನ್" ಕೊಟ್ಟು ಸುಮ್ನಾಗುತ್ತೆ. ನಗು ಬಂತಾ? ನಮ್ಮನೇಲೂ ಹಾಗೇ ಅಲ್ವಾ: ಸೀರೆ ಉಡ್ತೀವಿ, ಹೂ ಮುಡಿತೀವಿ, ಬಳೆ ತೊಡ್ತೀವಿ, ಬೊಟ್ಟು ಇಡ್ತೀವಿ, ಅಜ್ಜಿ ಆದ್ರೆ ಚಪ್ಪಲಿ ಮೆಟ್ತಾರೆ.

ಎಂಟನೇ ಕ್ಲಾಸಲ್ಲಿ ನನ್ನ ಇಂಗ್ಲಿಷ್ ಕೇಳಿ ಎಲ್ಲರೂ ನಕ್ಕಿದ್ರು. ಆ ವರ್ಷ ಪೂರ್ತಿ ನಾನು ಕ್ಲಾಸಲ್ಲಿ ಕೈ ಎತ್ತಿರಲಿಲ್ಲ. ಅದನ್ನ ಹೇಗೆ ಮರೆತೆನೋ ಗೊತ್ತಿಲ್ಲ.

ಮೂರನೇ ಭಾನುವಾರ ನಾನೇ ಮೆಸೇಜ್ ಹಾಕಿದೆ. ಮುರುಕು ಕೊರಿಯನ್‌ನಲ್ಲಿ "ಸಾರಿ, ನಗಬಾರದಿತ್ತು" ಅಂತ ಬರೆದು, ನಮ್ಮ ಉಡು-ಮುಡಿ-ತೊಡು ಪಟ್ಟಿನೂ ಕಳಿಸಿದೆ. ಹತ್ತೇ ನಿಮಿಷದಲ್ಲಿ ಕಾಲ್ ಬಂತು. "ಹೂವಿಗೇ ಅಂತ ಬೇರೆ ಪದಾನಾ?!" ಅಂದ್ಲು. ಆಮೇಲೆ ಅವಳೇ ಒಂದು ಹೇಳ್ಕೊಟ್ಲು. ಅಂಗಡೀಲಿ ಬಟ್ಟೆ "ಟ್ರೈ ಆನ್" ಮಾಡೋದಕ್ಕೆ ಕೊರಿಯನ್‌ನಲ್ಲಿ "ಇಬೊ ಬೊದಾ". "ಬೊದಾ" ಅಂದ್ರೆ ನೋಡು. ಅಂದ್ರೆ ನಮ್ಮ "ಹಾಕ್ಕೊಂಡು ನೋಡು", ಥೇಟ್ ಹಾಗೇ! ಈ ಸಲ ಇಬ್ಬರೂ ನಕ್ವಿ.

ನಿಮ್ಮ ಕ್ಲಾಸಲ್ಲಿ ಯಾರಾದ್ರೂ ತಪ್ಪು ಇಂಗ್ಲಿಷ್ ಮಾತಾಡಿದ್ರೆ ನಗೋಕೆ ಮುಂಚೆ ಒಂದು ಕೇಳಿ: "ನಿಮ್ಮ ಭಾಷೇಲಿ ಇದನ್ನ ಹೇಗೆ ಹೇಳ್ತೀರಾ?"

ನಿಮ್ಮನ್ನ ನೋಡಿ ಯಾರಾದ್ರೂ ನಕ್ಕ ಪದ ಯಾವುದು? ಕಾಮೆಂಟಲ್ಲಿ ಬರೀರಿ, ಇಲ್ಲಿ ಯಾರೂ ನಗಲ್ಲ.

#ಭಾಷೆಕಲಿಯೋಕಥೆ #ಕೊರಿಯನ್ #ಕನ್ನಡ