ಷೆಫೀಲ್ಡಿಗೆ ಹೋಗಿ ಬಂದ ಕತ್ತಿ

ಕ್ಷುರಧಾರೆ ಎಂಬ ಪದವನ್ನು ನಾವು ಮೂವತ್ತು ವರ್ಷಕಾಲ ಮಕ್ಕಳಿಗೆ ಪಾಠ ಹೇಳಿದ್ದುಂಟು. ಕಠೋಪನಿಷತ್ತಿನ ಉಪಮೆಯನ್ನು ವಿವರಿಸುವಾಗ ಬೆರಳನ್ನು ಗಾಳಿಯಲ್ಲಿ ಎಳೆದು ತೋರಿಸುತ್ತಿದ್ದೆವು. ಆದರೆ ಕ್ಷುರವೊಂದನ್ನು ಕೈಯಲ್ಲಿ ಹಿಡಿದು ಅದರ ಬಾಯನ್ನು ಬೆಳಕಿಗೊಡ್ಡಿ ನೋಡಿದ್ದು ನಿವೃತ್ತರಾದ ಮೇಲೆಯೇ ಎಂಬುದನ್ನು ವಾಚಕರಲ್ಲಿ ಮುಚ್ಚಿಡಲು ಕಾರಣವಿಲ್ಲ.

ನಮ್ಮ ಮಗಳು ಅಳಿಯಂದಿರು ಇಂಗ್ಲೆಂಡಿನ ಷೆಫೀಲ್ಡು ನಗರದಲ್ಲಿದ್ದಾರೆ. ನಾವು ಅಲ್ಲಿಗೆ ಹೊರಟ ವರ್ತಮಾನ ಊರಿನಲ್ಲಿ ಹರಡಲಾಗಿ, ಕ್ಷೌರಿಕರ ಮನೆಯ ಹುಡುಗ, ನಮ್ಮ ಹಳೆಯ ಶಿಷ್ಯ, ಬಟ್ಟೆಯಲ್ಲಿ ಸುತ್ತಿದ ಗಂಟೊಂದನ್ನು ತಂದು ಮುಂದಿಟ್ಟನು. "ಮೇಷ್ಟ್ರೇ, ತಾತನ ಕತ್ತಿ. ಬುಡದಲ್ಲಿ ಷೆಫೀಲ್ಡ್ ಅಂತ ಇದೆ. ಅಂಗಡಿಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಇಡಬೇಕು. ಹೊಸದರ ಹಾಗೆ ಮಾಡಿಸಿಕೊಂಡು ಬನ್ನಿ" ಎಂದನು. ಅವನ ಅಂಗಡಿಯಲ್ಲಿ ಈಗ ಒಬ್ಬೊಬ್ಬರಿಗೂ ಹೊಸ ಬ್ಲೇಡು ಮುರಿದು ಹಾಕುತ್ತಾರೆ. ಆರೋಗ್ಯದೃಷ್ಟಿಯಿಂದ ಅದೇ ಸರಿ.

ಆ ತಾತನೇ ನಮ್ಮ ಚೌಲದಲ್ಲಿ ತಲೆಗೆ ಕತ್ತಿ ಇಟ್ಟವನು. ಆತನಿಗೆ ನಮ್ಮ ಮನೆಯ ಜಗಲಿಯಿಂದ ಒಳಕ್ಕೆ ಪ್ರವೇಶವಿರಲಿಲ್ಲ. ಕ್ಷೌರವಾದ ಮೇಲೆ ಸ್ನಾನವಾಗುವ ತನಕ ನಮಗೂ ಇರಲಿಲ್ಲ. ಆತನ ಕೈ ಎಂಥದೆಂದು ವಿಚಾರಿಸಿದವರನ್ನು ನಾವು ಕಾಣೆವು.

ಕತ್ತಿಯ ಅಲಗು ತುಕ್ಕು ಹಿಡಿದಿತ್ತು. ಹಿಡಿಯು ಕರಿಯ ಕೊಂಬಿನ ಎರಡು ಹೋಳುಗಳು. ಒಂದು ಮೊಳೆಯ ಬಳಿ ಸೀಳಿತ್ತು. ಪ್ರಯಾಣಕ್ಕೆ ಮುಂಚೆ ನಾವೇ ಉಪ್ಪುಕಾಗದ ಹಿಡಿದು ಒಂದು ಮಧ್ಯಾಹ್ನವೆಲ್ಲ ಅಲಗನ್ನು ಉಜ್ಜಿದೆವು. ತುಕ್ಕಿನ ಕೆಳಗೆ ಏನೋ ಸಣ್ಣ ಅಕ್ಷರಗಳು ತೋರಿದವು. ಕನ್ನಡಕ ತರುವಷ್ಟರಲ್ಲಿ ನಮ್ಮ ಉತ್ಸಾಹವೇ ಅವುಗಳನ್ನು ಅಳಿಸಿಬಿಟ್ಟಿತ್ತು. ಅಂದಿನಿಂದ ಅದನ್ನು ಮುಟ್ಟದೆ, ವಿಮಾನದ ಒಳಕ್ಕೆ ಕತ್ತಿಯನ್ನು ಒಯ್ಯಬಾರದಾದ್ದರಿಂದ ದೊಡ್ಡ ಪೆಟ್ಟಿಗೆಯಲ್ಲಿ ಪಂಚೆಗಳ ನಡುವೆ ಇರಿಸಿದೆವು.

ಷೆಫೀಲ್ಡು ಏರಿಳಿತಗಳ ಊರು. ಡಾನ್, ಷೀಫ್, ಪೋರ್ಟರ್, ರಿವಲಿನ್, ಲಾಕ್ಸ್ಲೀ ಎಂಬ ಐದು ನದಿಗಳು ಬೆಟ್ಟಗಳಿಂದ ಇಳಿದು ಬರುತ್ತವೆ. ಷೀಫ್ ನದಿಯೇ ಊರಿಗೆ ಹೆಸರು ಕೊಟ್ಟದ್ದು. ಇವುಗಳ ನೀರು ಒಂದು ಕಾಲದಲ್ಲಿ ಸಾಣೆಯ ಚಕ್ರಗಳನ್ನು ತಿರುಗಿಸುತ್ತಿತ್ತು. ಕತ್ತಿ ಮಾಡುವವರ ಸಂಘಕ್ಕೆ 1624ರಲ್ಲಿಯೇ ಪಾರ್ಲಿಮೆಂಟಿನ ಶಾಸನ ದೊರೆಯಿತು. ಪೋರ್ಟರ್ ತೊರೆಯ ದಡದಲ್ಲಿ ಷೆಪರ್ಡ್ ವೀಲ್ ಎಂಬ ಹಳೆಯ ಸಾಣೆಮನೆಯನ್ನು ಇಂದಿಗೂ ಕಾಪಾಡಿದ್ದಾರೆ. ಅಲ್ಲಿ ಕಲ್ಲಿನ ಚಕ್ರದ ಹಿಂದೆ ಕುದುರೆಯನ್ನೇರಿದಂತೆ ಕುಳಿತು ಬಾಗಿ ದುಡಿಯುವ ಪೀಠಗಳನ್ನು ಕಂಡೆವು. ಕಲ್ಲಿನ ಧೂಳು ಶ್ವಾಸಕೋಶವನ್ನು ಸೇರಿ ಸಾಣೆಗಾರರು ಸಾಯುತ್ತಿದ್ದರು. ಒಣಸಾಣೆ ಹಿಡಿಯುವವರು ಸರಾಸರಿ ಮೂವತ್ತೈದು ವರ್ಷವೂ ಬದುಕುವುದಿಲ್ಲವೆಂದು ಅಲ್ಲಿನ ವೈದ್ಯರೊಬ್ಬರು ಹೇಳಿದ್ದನ್ನು ಏಂಗೆಲ್ಸನು 1845ರ ತನ್ನ ಗ್ರಂಥದಲ್ಲಿ ಎತ್ತಿಕೊಂಡಿದ್ದಾನೆ. ನುಣುಪಾದ ಗಲ್ಲಕ್ಕೆ ಜನರು ತೆತ್ತ ಬೆಲೆ ಬರಿಯ ಷಿಲಿಂಗುಗಳಲ್ಲಿ ಮುಗಿಯಲಿಲ್ಲ.

ಮರುದಿನ ಆಬೀಡೇಲ್ ಎಂಬಲ್ಲಿ ಮೂಸೆಯುಕ್ಕಿನ ಕುಲುಮೆಯನ್ನು ನೋಡಿದೆವು. ಗಡಿಯಾರದ ಕೆಲಸದ ಬೆಂಜಮಿನ್ ಹಂಟ್ಸ್‌ಮನ್ನನು 1740ರ ದಶಕದಲ್ಲಿ ಮಣ್ಣಿನ ಮೂಸೆಯಲ್ಲಿ ಉಕ್ಕನ್ನು ಕರಗಿಸುವ ಕ್ರಮವನ್ನು ಷೆಫೀಲ್ಡಿನಲ್ಲಿ ರೂಢಿಗೆ ತಂದನು. ಷೆಫೀಲ್ಡಿನ ಒಳ್ಳೆಯ ಕತ್ತಿಗಳ ಕೀರ್ತಿಗೆ ಅದು ಮೂಲ. ಕುಲುಮೆಯ ಮುಂದೆ ನಿಂತಾಗ ನಮಗೆ ಊರ ನೆನಪಾಯಿತು. ಮೂಸೆಯಲ್ಲಿ ಉಕ್ಕು ಮಾಡುವ ವಿದ್ಯೆ ದಕ್ಷಿಣಭಾರತದಲ್ಲಿ ಅದಕ್ಕೂ ಬಹು ಶತಮಾನಗಳ ಹಿಂದಿನದು. 'ವೂಟ್ಜ್' ಎಂದು ಯುರೋಪಿನವರು ಕರೆದ ಮಾತು ನಮ್ಮ 'ಉಕ್ಕು' ಶಬ್ದದ ಅಪಭ್ರಂಶವೆಂದು ಬಹುಮಂದಿ ಪಂಡಿತರ ಮತ. ಫ್ಯಾರಡೆ ಮಹಾಶಯನು ಸ್ಟೋಡಾರ್ಟ್ ಎಂಬ ಲಂಡನ್ನಿನ ಕತ್ತಿಗಾರನೊಡನೆ 1820ರ ಸುಮಾರಿನಲ್ಲಿ ಇದೇ ಉಕ್ಕನ್ನು ಪರೀಕ್ಷಿಸಿ, ಬೆಳ್ಳಿ ಮುಂತಾದವನ್ನು ಬೆರೆಸಿ ಹೊಸ ಉಕ್ಕುಗಳನ್ನು ಮಾಡಿದನು. ಅವನ್ನು ಷೆಫೀಲ್ಡಿನಲ್ಲಿಯೂ ಕರಗಿಸಿ ಕ್ಷೌರದ ಕತ್ತಿಗಳನ್ನು ತಯಾರಿಸಿದರು.

ಒಬ್ಬನೇ ಕುಳಿತು ದುಡಿಯುವ ಸಣ್ಣ ಕಸುಬುದಾರನನ್ನು ಆ ಊರಿನ ಆಡುಮಾತಿನಲ್ಲಿ 'ಲಿಟಲ್ ಮೆಸ್ಟರ್' ಎನ್ನುವರು. ಮಾಸ್ಟರ್ ಎಂಬುದೇ ಅಲ್ಲಿ ಮೆಸ್ಟರ್, ನಮ್ಮಲ್ಲಿ ಮೇಷ್ಟ್ರು. ಅಂಥ ವೃದ್ಧರೊಬ್ಬರ ಬಳಿಗೆ ಅಳಿಯಂದಿರು ನಮ್ಮನ್ನು ಕರೆದೊಯ್ದರು. ಹೊಸದರಂತೆ ಮಾಡಿಕೊಡಬೇಕೆಂದು ಕೇಳಿದೆವು. ಅವರು ಉತ್ತರ ಕೊಡದೆ ಕತ್ತಿಯನ್ನು ಕಿಟಕಿಯ ಬೆಳಕಿನಲ್ಲಿ ಬಹಳ ಹೊತ್ತು ತಿರುಗಿಸಿದರು.

ಕ್ಷೌರದ ಕತ್ತಿಯನ್ನು ಮಸೆಯುವಾಗ ಬೆನ್ನೂ ಬಾಯೂ ಒಟ್ಟಿಗೆ ಕಲ್ಲಿಗೆ ತಾಗಿರಬೇಕು. ಬೆನ್ನೇ ಕೋನವನ್ನು ಕಾಯುತ್ತದೆ. ಆದ್ದರಿಂದ ಬಾಯಿಯೊಡನೆ ಬೆನ್ನೂ ಸವೆಯುತ್ತದೆ. ಈ ಅಲಗಿನ ಎರಡು ಕೊನೆಗಳೂ ಹೆಚ್ಚು ಸವೆದು ನಡುವು ಉಬ್ಬಿತ್ತು. "ಇವರ ಸಾಣೆಕಲ್ಲು ನಡುವೆ ಕುಳಿ ಬಿದ್ದಿತ್ತಲ್ಲವೇ?" ಎಂದು ವೃದ್ಧರು ಕೇಳಿದರು. ನಮ್ಮ ಮನೆಯ ಜಗಲಿಯ ಮೇಲೆ, ನೀರು ನಿಲ್ಲುವಷ್ಟು ಕುಳಿಬಿದ್ದ ಆ ಕಲ್ಲು ತತ್‌ಕ್ಷಣ ಕಣ್ಣಮುಂದೆ ಬಂದಿತು. "ಆದರೂ ಬೆನ್ನು ಎರಡು ಕಡೆಯೂ ಸಮವಾಗಿ ಸವೆದಿದೆ. ಕೆಟ್ಟ ಕಲ್ಲಿನಲ್ಲಿ ಇಷ್ಟು ವರ್ಷ ಇಂಥ ಕೆಲಸ ಮಾಡಿದವರು ಬಲ್ಲವರು" ಎಂದರು. ಏಳು ಸಾವಿರ ಕಿಲೋಮೀಟರಿಗೂ ಆಚೆ ಆ ಮಾತನ್ನು ಕೇಳುವಾಗ ನಮಗೆ ಸ್ವಲ್ಪ ನಾಚಿಕೆಯಾಯಿತು.

ತುಕ್ಕಿನ ಕುಳಿಗಳನ್ನೆಲ್ಲ ತೆಗೆಯಹೊರಟರೆ ಬಾಯಿಯೇ ಉಳಿಯದು, ಸವೆತದ ಗುರುತೂ ಹೋಗುವುದು ಎಂದು ಅವರ ಅಭಿಪ್ರಾಯ. ಕೊಂಬನ್ನು ಬಿಟ್ಟು ಥಳಥಳಿಸುವ ಹೊಸ ಹಿಡಿಯನ್ನು ಹಾಕಬಹುದೆಂದೂ ತೋರಿಸಿದರು. ಹಳೆಯ ಸೆಲ್ಯುಲಾಯಿಡ್ ಹಿಡಿ ಮಾತ್ರ ಬೇಡ, ಅದು ಕೆಡುವಾಗ ಹೊರಡುವ ಆವಿಯಿಂದಲೇ ಅಲಗು ತುಕ್ಕು ಹಿಡಿಯುವುದು ಎಂದರು. ಹುಡುಗನಿಗೆ ಹೊಸದೇ ಬೇಕಾಗಿತ್ತು. ನಾವು ಅವನನ್ನು ಕೇಳದೆ ಹಳೆಯ ಕೊಂಬೇ ಇರಲಿ ಎಂದುಬಿಟ್ಟೆವು.

ಕೆಲಸ ನಾಲ್ಕು ದಿನ ನಡೆಯಿತು. ಮೊಳೆಯ ಅರಳಿದ ತಲೆಯನ್ನು ಅರದಿಂದ ಸವೆಸಿ, ಹೋಳುಗಳಿಗೆ ಪೆಟ್ಟಾಗದಂತೆ ಮೆಲ್ಲಗೆ ತಳ್ಳಿ ತೆಗೆದರು. ಅಲಗನ್ನು ಎಣ್ಣೆ ಹಚ್ಚಿ ಕೈಯಿಂದಲೇ ಉಜ್ಜಿದರು. ವೇಗದ ಚಕ್ರಕ್ಕೆ ಒಡ್ಡಿದರೆ ತೆಳುವಾದ ಬಾಯಿ ಕ್ಷಣದಲ್ಲಿ ಕಾದು ಉಕ್ಕಿನ ಹದ ಕೆಡುತ್ತದಂತೆ. ಸೊಟ್ಟಗಾಗಿದ್ದ ಕೊಂಬನ್ನು ಬಿಸಿನೀರಿನಲ್ಲಿ ಮೆತ್ತಗೆ ಮಾಡಿ, ಎರಡು ಹಲಗೆಗಳ ನಡುವೆ ಬಿಗಿದು ಆರಿಸಿದರು. ಕೊಂಬೂ ಕೂದಲೂ ಮೂಲದಲ್ಲಿ ಒಂದೇ ಬಗೆಯ ಪದಾರ್ಥವೆಂಬುದು ವಿನೋದಕರವಾದ ಸಂಗತಿ. ಸೀಳಿಗೆ ತೆಳುವಾದ ಅಂಟನ್ನು ಇಳಿಸಿ, ಕಡೆಗೆ ಹಿತ್ತಾಳೆಯ ಹೊಸ ಮೊಳೆಯನ್ನು ಸಣ್ಣ ಬಿಲ್ಲೆಗಳೊಡನೆ ತೊಡಿಸಿ ಪುಟ್ಟ ಸುತ್ತಿಗೆಯಿಂದ ತಟ್ಟಿದರು. ನಾಲ್ಕು ತಟ್ಟಿಗೊಮ್ಮೆ ಕತ್ತಿಯನ್ನು ಮಡಿಸಿ, ಅಲಗು ಹೋಳುಗಳ ನಟ್ಟನಡುವೆ ಇಳಿಯುವುದೋ ಎಂದು ನೋಡುತ್ತಿದ್ದರು.

ಊರಿಗೆ ಮರಳಿದ ಮೇಲೆ ಹುಡುಗನ ಮನೆಗೆ ಹೋದೆವು. ಅರುವತ್ತು ವರ್ಷದಲ್ಲಿ ಆ ಜಗಲಿಯ ಮೇಲೆ ಕುಳಿತದ್ದು ಅದೇ ಮೊದಲು. ಹುಡುಗನು ಕತ್ತಿಯನ್ನು ಬಿಡಿಸಿ, "ಕಪ್ಪು ಚುಕ್ಕೆ ಹಾಗೇ ಇದೆಯಲ್ಲ ಮೇಷ್ಟ್ರೇ" ಎಂದು ಮುಖ ಸಣ್ಣದು ಮಾಡಿದನು. ಕೇಳದೆ ಮಾಡಿದ ತಪ್ಪನ್ನು ಒಪ್ಪಿಕೊಂಡೆವು. ದೃಷ್ಟಿ ಮಂದವಾಗಿರುವ ಅವನ ತಂದೆ ಕೈ ಚಾಚಿ ಅದನ್ನು ಈಸಿಕೊಂಡರು. ಅಲಗಿನ ಬೆನ್ನಿನ ಮೇಲೆ ಹೆಬ್ಬೆರಳನ್ನು ಬುಡದಿಂದ ತುದಿಯವರೆಗೆ ಎಳೆದರು, ಮಡಿಸಿದರು, ಮತ್ತೆ ಬಿಚ್ಚಿದರು. ಆಮೇಲೆ ಮಗನ ಕಡೆಗೆ ತಿರುಗಿ, "ಕಲ್ಲೆಲ್ಲೋ? ಹಿತ್ತಲಲ್ಲಿ ಇತ್ತಲ್ಲ, ಹುಡುಕಿ ತಾ" ಎಂದರು.