35 ಕಿಲೋಹರ್ಟ್ಸ್ ದಾಟದ ಮಾನಿಟರ್

ಕೇಬಲ್ ಚುಚ್ಚಿದ್ರೆ ಮಾನಿಟರಿನಲ್ಲಿ ಚಿತ್ರ ಬರತ್ತೆ ಅನ್ನೋದನ್ನ ನಾವೆಲ್ಲ ನಲ್ಲಿ ತಿರುಗಿಸಿದ್ರೆ ನೀರು ಬರೋ ಹಾಗೆ ಒಪ್ಕೊಂಡುಬಿಟ್ಟಿದೀವಿ. (ನಮ್ಮ ಏರಿಯಾದಲ್ಲಿ ನೀರಿಗಿಂತ ಚಿತ್ರಾನೇ ಗ್ಯಾರಂಟಿ, ಅದು ಬೇರೆ ಮಾತು.) 90ರ ದಶಕದಲ್ಲಿ ಪಿಸಿ ಮೇಲೆ ಲಿನಕ್ಸ್ ಹಾಕ್ಕೊಂಡೋರಿಗೆ ಆ ಭಾಗ್ಯ ಇರ್ಲಿಲ್ಲ. ಕಪ್ಪು ಪರದೆ ಮೇಲೆ ಅಕ್ಷರ ಮೂಡ್ತಿತ್ತು, ಅಷ್ಟೇ. ಕಿಟಕಿ, ಮೌಸು, ಬಣ್ಣ ಎಲ್ಲ ಬೇಕು ಅಂದ್ರೆ ಒಂದು ಫೈಲಿನಲ್ಲಿ ಒಂಬತ್ತು ಸಂಖ್ಯೆಗಳನ್ನ ಬರೀಬೇಕಿತ್ತು. ಆ ಸಾಲಿಗೆ ಮೋಡ್‌ಲೈನ್ ಅಂತ ಹೆಸರು. ಹೆಚ್ಚುಕಮ್ಮಿ ಆದ್ರೆ ಕೆಲವು ಮಾನಿಟರ್‌ಗಳು ಸುಟ್ಟೇ ಹೋಗ್ತಿದ್ವು. ಸಾಫ್ಟ್‌ವೇರ್ ಬರೆದು ಹಾರ್ಡ್‌ವೇರ್ ಸುಡೋದು ಅಂದ್ರೆ ನಂಬೋಕೆ ಕಷ್ಟ, ಆದ್ರೆ ನಿಜ.

ಸ್ವಲ್ಪ ಹಿನ್ನೆಲೆ ಹೇಳಿಬಿಡ್ತೀನಿ. ಎಕ್ಸ್ ವಿಂಡೋ ಸಿಸ್ಟಮ್ ಹುಟ್ಟಿದ್ದು 1984ರಲ್ಲಿ, ಎಂಐಟಿಯಲ್ಲಿ. ಇವತ್ತಿಗೂ ಉಳ್ಕೊಂಡಿರೋ ಎಕ್ಸ್11 ಬಂದಿದ್ದು 1987ರಲ್ಲಿ. ಆಗ ಅದು ಓಡ್ತಿದ್ದದ್ದು ಸನ್ ಥರದ ದುಬಾರಿ ವರ್ಕ್‌ಸ್ಟೇಷನ್‌ಗಳ ಮೇಲೆ. ಅಲ್ಲಿ ಪೆಟ್ಟಿಗೇನೂ ಮಾನಿಟರೂ ಒಂದೇ ಅಂಗಡೀವು, ಒಂದಕ್ಕೊಂದು ಅಂತಾನೇ ಮಾಡಿದ್ದು. ಕೇಳೋ ಪ್ರಶ್ನೇನೇ ಇಲ್ಲ. ತಲೆನೋವು ಶುರುವಾಗಿದ್ದು ಪಿಸಿಗೆ ಬಂದಾಗ. ಥಾಮಸ್ ರೋಯೆಲ್ ಅನ್ನೋರು ಬರೆದ ಎಕ್ಸ್386 ಅನ್ನೋ ಸರ್ವರ್ 1991ರ ಎಕ್ಸ್11ಆರ್5 ಜೊತೆ ಬಂತು. ಮರುವರ್ಷ ನಾಲ್ಕು ಜನ ಸೇರ್ಕೊಂಡು ಅದನ್ನ ರಿಪೇರಿ ಮಾಡೋಕೆ ಹೊರಟು ಎಕ್ಸ್‌ಫ್ರೀ86 ಆಯ್ತು. 'ತ್ರೀ' ಹೋಗಿ 'ಫ್ರೀ' ಬಂತು, ಪನ್ ಚೆನ್ನಾಗಿದೆ ಅಲ್ವಾ :) ಪಿಸಿಯಲ್ಲಿ ಕಾರ್ಡ್ ಒಬ್ಬರದು, ಮಾನಿಟರ್ ಇನ್ನೊಬ್ಬರದು. ಒಬ್ಬರಿಗೊಬ್ಬರ ಪರಿಚಯವೇ ಇಲ್ಲ. ಮಧ್ಯ ದಲ್ಲಾಳಿ ಕೆಲಸ ನಮ್ಮದು.

ಈಗ ಆ ಒಂಬತ್ತು ಸಂಖ್ಯೆ. ಟೈಪ್‌ರೈಟರ್ ನೋಡಿದೋರಿಗೆ ಸುಲಭ. ಸಾಲು ಮುಗಿಯೋಕೆ ಬಂದಾಗ ಟಿಂಗ್ ಅಂತ ಗಂಟೆ ಬಡಿಯತ್ತೆ, ಮುಗಿದ ಮೇಲೆ ಕ್ಯಾರೇಜ್ ಎಳೆದು ಮತ್ತೆ ಶುರುಗೆ ತರಬೇಕು. ಹಳೇ ಸಿಆರ್‌ಟಿ ಮಾನಿಟರಿನ ಒಳಗಿನ ಎಲೆಕ್ಟ್ರಾನ್ ಕಿರಣಾನೂ ಹಾಗೇ. ಎಡದಿಂದ ಬಲಕ್ಕೆ ಬರೀತಾ ಹೋಗತ್ತೆ, ಅಂಚಿಗೆ ಬಂದ್ಮೇಲೆ ಆರಿಕೊಂಡು ವಾಪಸ್ ಎಡಕ್ಕೆ ಬರಬೇಕು. ಎಲ್ಲ ಸಾಲು ಮುಗಿದ ಮೇಲೆ ಕೆಳಗಿನಿಂದ ಮೇಲಕ್ಕೂ ವಾಪಸ್ ಹೋಗಬೇಕು. ಈ ಖಾಲಿ ಓಡಾಟಕ್ಕೂ ಸಮಯ ಕೊಡಬೇಕಲ್ಲ, ಮೋಡ್‌ಲೈನ್ ಅಂದ್ರೆ ಆ ಸಮಯದ ಲೆಕ್ಕ.

ಎಲ್ಲ ವಿಜಿಎ ಮಾನಿಟರಿಗೂ ಗೊತ್ತಿದ್ದ ಸಾಲು ಇದು:

25.175 640 656 752 800 480 490 492 525

ಮೊದಲನೇದು ಡಾಟ್ ಕ್ಲಾಕ್. ಸೆಕೆಂಡಿಗೆ 2 ಕೋಟಿ 51 ಲಕ್ಷ ಚಿಲ್ಲರೆ ಚುಕ್ಕಿ. ಒಂದು ಸಾಲಿನಲ್ಲಿ ಕಾಣೋದು 640 ಚುಕ್ಕಿ, 656ಕ್ಕೆ 'ವಾಪಸ್ ಹೋಗು' ಅನ್ನೋ ಸಿಂಕ್ ಸಂಕೇತ ಶುರು, 752ಕ್ಕೆ ಮುಗಿಯತ್ತೆ, 800ಕ್ಕೆ ಸಾಲು ಪೂರ್ತಿ. ಅಂದ್ರೆ 160 ಚುಕ್ಕಿ ಬರೆಯೋ ಹೊತ್ತು ಬರೀ ಓಡಾಟಕ್ಕೆ. ಕೆಳಮುಖವಾಗೂ ಇದೇ ಲೆಕ್ಕ, 480 ಸಾಲು ಕಾಣೋದು, ಒಟ್ಟು 525. ಕ್ಲಾಕನ್ನ 800ರಿಂದ ಭಾಗಿಸಿದ್ರೆ ಸೆಕೆಂಡಿಗೆ ಎಷ್ಟು ಸಾಲು ಅಂತ ಸಿಗತ್ತೆ: ಸುಮಾರು 31.5 ಸಾವಿರ, ಅಂದ್ರೆ 31.5 ಕಿಲೋಹರ್ಟ್ಸ್. ಅದನ್ನ 525ರಿಂದ ಭಾಗಿಸಿದ್ರೆ 59.94. ಸೆಕೆಂಡಿಗೆ ಅಷ್ಟು ಸಲ ಇಡೀ ಚಿತ್ರ ಹೊಸದಾಗಿ ಮೂಡತ್ತೆ. ಬೋರ್ ಹೊಡೀತಿದೆಯಾ? ಇನ್ನೊಂದೇ ಭಾಗಾಕಾರ ಬಾಕಿ ಇದೆ, ತಡ್ಕೊಳ್ಳಿ.

ಸುಡೋದು ಯಾಕೆ? ಕಿರಣಾನ ಅಡ್ಡಡ್ಡ ಎಳೆಯೋಕೆ ಒಂದು ಕಾಯಿಲ್, ಅದನ್ನ ಆನ್ ಆಫ್ ಮಾಡೋಕೆ ಒಂದು ಟ್ರಾನ್ಸಿಸ್ಟರ್ ಇರತ್ತೆ. ಒಂದೇ ವೇಗಕ್ಕೆ ಅಂತ ಮಾಡಿದ ಮಾನಿಟರಿಗೆ ಬೇರೆ ವೇಗ ಕೊಟ್ರೆ, ಅದ್ರಲ್ಲೂ ನಿಧಾನದ ವೇಗ ಕೊಟ್ರೆ, ಕಾಯಿಲ್‌ನಲ್ಲಿ ಕರೆಂಟು ಏರ್ತಾನೇ ಹೋಗಿ ಟ್ರಾನ್ಸಿಸ್ಟರ್ ಕಾದು ಕೈ ಎತ್ತತ್ತೆ. ಒಳ್ಳೇ ಮಲ್ಟಿಸಿಂಕ್ ಮಾನಿಟರ್‌ಗಳು 'ಇದು ನಂಗಾಗಲ್ಲ' ಅಂತ ತಾವೇ ಪರದೆ ಆರಿಸ್ಕೊಳ್ತಿದ್ವು. ಅಗ್ಗದವಕ್ಕೆ ಅಷ್ಟು ಬುದ್ಧಿ ಇರ್ತಿರ್ಲಿಲ್ಲ. ಎರಿಕ್ ರೇಮಂಡ್ ನೋಡ್ಕೊಳ್ತಿದ್ದ ವಿಡಿಯೋ ಟೈಮಿಂಗ್ಸ್ ಹೌಟು ಅನ್ನೋ ದಾಖಲೆಯಲ್ಲೂ ಈ ಎಚ್ಚರಿಕೆ ಇದೆ. ಕಾರ್ಡ್ ಕಡೆಯಿಂದಾನೂ ತೊಂದರೆ ಇತ್ತು. ಹಳೇ ಕಾರ್ಡುಗಳಲ್ಲಿ ಬೇಕಾದ ಕ್ಲಾಕ್ ಸಿಕ್ತಿರ್ಲಿಲ್ಲ, ಇರೋ ಹತ್ತಾರರಲ್ಲಿ ಒಂದನ್ನ ಆರಿಸ್ಕೋಬೇಕು. ಡೈಮಂಡ್ ಕಂಪನಿ ಮೊದಮೊದಲು ತನ್ನ ಕ್ಲಾಕ್ ಹೊಂದಿಸೋ ವಿವರವನ್ನೇ ಕೊಡದೆ ಇದ್ದಿದ್ರಿಂದ ಎಕ್ಸ್‌ಫ್ರೀ86ನೋರು ಆ ಕಾರ್ಡುಗಳನ್ನ ಹೊರಗಿಟ್ಟಿದ್ರು. ಆಮೇಲೆ ಕಂಪನಿ ಮನಸ್ಸು ಬದಲಾಯಿಸ್ತು.

ಇದೆಲ್ಲ ನಂಗೆ ಯಾಕೆ ಅಂದ್ರೆ, ನಮ್ಮ ಮಾವನ ನೋಟ್‌ಬುಕ್.

ಮಾವ 1998ರಲ್ಲಿ ಸಾಗರದಲ್ಲಿ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟ್ ಮೇಲಿನ ರೂಮಿನಲ್ಲಿ ಸಿ ಮತ್ತೆ ಯುನಿಕ್ಸ್ ಕಲಿಸ್ತಿದ್ರು. ಯುನಿಕ್ಸ್ ಲೈಸೆನ್ಸಿಗೆ ದುಡ್ಡೆಲ್ಲಿ? ಪಿಸಿ ಕ್ವೆಸ್ಟ್ ಪತ್ರಿಕೆ ಜೊತೆ ಬಂದ ಲಿನಕ್ಸ್ ಸಿಡೀನೇ ಗತಿ. ಮೂರು ಕಂಪ್ಯೂಟರ್, ಅದ್ರಲ್ಲಿ ಒಂದಕ್ಕೆ ಮಾತ್ರ ಕಲರ್ ಮಾನಿಟರ್, ಬೆಂಗಳೂರಿಂದ ಬಸ್ಸಿನಲ್ಲಿ ಮಡಿಲ ಮೇಲೆ ಇಟ್ಕೊಂಡು ತಂದ ಸೆಕೆಂಡ್ ಹ್ಯಾಂಡು. ಸೊಸೈಟಿ ಸಾಲದ ದುಡ್ಡು. ಮ್ಯಾನ್ಯುಯಲ್ ಇಲ್ಲ, ಹಿಂದಿನ ಸ್ಟಿಕರ್ ಕಿತ್ತೋಗಿತ್ತು. ಅದ್ರ ಮಿತಿ ಎಷ್ಟು ಕಿಲೋಹರ್ಟ್ಸ್ ಅಂತ ಹೇಳೋರು ಯಾರೂ ಇಲ್ಲ. ಅದು ಹೋದ್ರೆ ಇನ್ನೊಂದು ತರೋ ಶಕ್ತೀನೂ ಇಲ್ಲ.

ಮಾವ ಕೆಳಗಿನಿಂದ ಹತ್ತಿದ್ರು. ಮೊದಲು 31.5, ಸರಿ ಹೋಯ್ತು. ಆಮೇಲೆ 800×600ನ 56 ಹರ್ಟ್ಸ್ ಮೋಡು, ಅದಕ್ಕೆ ಬೇಕಾಗೋದು 35.2 ಕಿಲೋಹರ್ಟ್ಸ್. ಅದೂ ನಿಂತಿತು. ಆಮೇಲೆ 60 ಹರ್ಟ್ಸ್, ಅಂದ್ರೆ 37.9. ನೋಟ್‌ಬುಕ್ಕಿನಲ್ಲಿ ಆ ಸಾಲು ಹೊಡೆದುಹಾಕಿದೆ, ಪಕ್ಕದಲ್ಲಿ ಪೆನ್ಸಿಲಿನಲ್ಲಿ 'ಕೂಗ್ತು' ಅಂತಿದೆ. "ಒಂದು ಕೈ ಎಂಟರ್ ಮೇಲೆ, ಇನ್ನೊಂದು ಕೈ ಮಾನಿಟರಿನ ಸ್ವಿಚ್ ಮೇಲೆ ಕಣೇ ಪುಟ್ಟಿ. ಕಣ್ಣಿಗಿಂತ ಕಿವಿ ಮುಖ್ಯ ಆಗ. ಸೀಟಿ ಹೊಡೆದಂಗೆ ಕೇಳ್ತು, ಟಕ್ ಅಂತ ಆರಿಸಿದೆ" ಅಂತಾರೆ.

ಹಾಗಾಗಿ 56 ಹರ್ಟ್ಸ್‌ನಲ್ಲೇ ಪಾಠ ಶುರುವಾಯ್ತು. ಎರಡೇ ವಾರಕ್ಕೆ ಹುಡುಗೀರು ತಲೆನೋವು ಅಂದ್ರು. ಬಿಳೀ ಹಿನ್ನೆಲೆ, ಸೆಕೆಂಡಿಗೆ 56 ಸಲ ಮಿನುಗೋ ಪರದೆ, ದಿನಕ್ಕೆರಡು ಗಂಟೆ. ಒಬ್ಬಳು ಫೀಸು ವಾಪಸ್ ಕೇಳಿದ್ಳಂತೆ. ಇನ್ನಿಬ್ಬರು ಬಿಟ್ರೆ ಸಾಲದ ಕಂತು ಕಟ್ಟೋಕಾಗಲ್ಲ ಅನ್ನೋ ಪರಿಸ್ಥಿತಿ. 640×480ಗೆ ಹೋದ್ರೆ ಮಿನುಗೋದು ಕಡಿಮೆ, ಆದ್ರೆ ಪರದೇಲಿ ಜಾಗ ಇಲ್ಲ.

ಮಾವ ಮಾಡಿದ ಲೆಕ್ಕ ಇಲ್ಲಿದೆ. ಮಾನಿಟರಿನ ಮಿತಿ ಸೆಕೆಂಡಿಗೆ ಎಷ್ಟು ಸಾಲು ಅನ್ನೋದು, ಅದನ್ನ ಮೀರೋಹಾಗಿಲ್ಲ. ಆದ್ರೆ ಆ ಸಾಲುಗಳನ್ನ ಹೇಗೆ ಹಂಚ್ಕೋತೀವಿ ಅನ್ನೋದು ನಮ್ಮ ಕೈಲಿದೆ. ಚಿತ್ರದಲ್ಲಿ ಸಾಲು ಕಡಿಮೆ ಮಾಡಿದ್ರೆ ಅದೇ ವೇಗದಲ್ಲಿ ಹೆಚ್ಚು ಸಲ ಚಿತ್ರ ಬರೀಬಹುದು. 800×600ಗೂ 640×480ಗೂ ಮಧ್ಯ ಯಾರೂ ಕೇಳಿರದ ಒಂದು ಅಳತೆ ಆರಿಸಿದ್ರು, 720×540. ಕಾರ್ಡಿನಲ್ಲಿ 31.5 ಮೆಗಾಹರ್ಟ್ಸ್ ಕ್ಲಾಕ್ ಇತ್ತು. ಅದನ್ನ 896ರಿಂದ ಭಾಗಿಸಿದ್ರೆ 35.156, ಮೊದಲೇ ನಿಂತಿದ್ದ ವೇಗವೇ! ಅದನ್ನ 563ರಿಂದ ಭಾಗಿಸಿದ್ರೆ 62.4.

31.5 720 744 816 896 540 541 544 563

56ರಿಂದ 62. ಕಾಗದದ ಮೇಲೆ ಆರು ಹರ್ಟ್ಸ್ ಏನೂ ಅಲ್ಲ. ಆದ್ರೆ ಆಸುಪಾಸಿನಲ್ಲೇ ಕಣ್ಣಿಗೆ ಮಿನುಗು ಕರಗೋಕೆ ಶುರುವಾಗೋದು. 80 ಅಕ್ಷರದ ಎಕ್ಸ್‌ಟರ್ಮ್‌ಗೆ 8 ಪಿಕ್ಸೆಲ್ ಅಗಲದ ಫಾಂಟಿನಲ್ಲಿ 640 ಪಿಕ್ಸೆಲ್ ಸಾಕು, ಪಕ್ಕದಲ್ಲಿ ಗಡಿಯಾರಕ್ಕೂ ಜಾಗ ಉಳೀತು. ಫೀಸು ವಾಪಸ್ ಕೇಳಿದ ಹುಡುಗಿ ಕೋರ್ಸ್ ಮುಗಿಸಿದ್ಳು.

ಮೊನ್ನೆ ಆಫೀಸಿನಲ್ಲಿ ಒಂದು ಎಂಬೆಡೆಡ್ ಬೋರ್ಡಿಗೆ ಎಲ್‌ಸಿಡಿ ಪ್ಯಾನೆಲ್ ಜೋಡಿಸೋ ಕೆಲಸ ಬಂತು, ಅದಕ್ಕೇ ನೋಟ್‌ಬುಕ್ ನೆನಪಾಗಿದ್ದು. ಈಗ ಮಾನಿಟರೇ ತನ್ನ ಜಾತಕ ಹೇಳ್ಕೊಳ್ಳತ್ತೆ. 1994ರಲ್ಲಿ ವೇಸಾ ಸಂಸ್ಥೆ ತಂದ ಡಿಡಿಸಿ ಪದ್ಧತಿ, ಅದ್ರಲ್ಲಿ 128 ಬೈಟಿನ ಇಡಿಐಡಿ. ಅದ್ರೊಳಗೆ 18 ಬೈಟಿನ ಒಂದು ತುಂಡು ಬಿಚ್ಚಿ ನೋಡಿ, ಅದೇ ಕ್ಲಾಕ್, ಅದೇ ಅಡ್ಡ ಲೆಕ್ಕ, ಅದೇ ಉದ್ದ ಲೆಕ್ಕ. 2009ರಲ್ಲಿ ಲಿನಕ್ಸ್ 2.6.29ರಿಂದ ಈ ಕೆಲಸ ಇಂಟೆಲ್ ಕಾರ್ಡುಗಳಿಂದ ಶುರುವಾಗಿ ಕರ್ನೆಲ್ ಒಳಗೇ ಹೋಯ್ತು. ಕಿರಣವೇ ಇಲ್ಲದ ಪರದೆಗೂ ಓಡಾಟದ ಸಮಯ ಕೊಡ್ತಿದೀವಿ: 1920×1080ಗೆ 148.5 ಮೆಗಾಹರ್ಟ್ಸ್, ಒಟ್ಟು 2200 ಮತ್ತು 1125. ಭಾಗಿಸಿ ನೋಡಿ, ಸರಿಯಾಗಿ 60.

ನಮ್ಮ ಪ್ಯಾನೆಲ್ಲಿಗೆ ಇಡಿಐಡಿ ಇರ್ಲಿಲ್ಲ. ಡೇಟಾಶೀಟ್ ನೋಡಿ ಒಂಬತ್ತು ಸಂಖ್ಯೆ ನಾನೇ ತುಂಬಬೇಕಾಯ್ತು. ಟೀಮಿನಲ್ಲಿ ಉಳಿದೋರು ಬ್ಯಾಕ್ ಪೋರ್ಚ್ ಅಂದ್ರೇನು ಅಂತ ಕೇಳಿದ್ರು, ನಾನು ಟೈಪ್‌ರೈಟರ್ ಕಥೆ ಹೇಳಿದೆ. ಆಗಿನ ಕಾಲವೇ ಚೆನ್ನಾಗಿತ್ತು ಅನ್ನೋ ಗುಂಪಿನೋಳಲ್ಲ ನಾನು. ಸಾಲದ ಮಾನಿಟರ್ ಮುಂದೆ ಕಿವಿ ಕೊಟ್ಟು ಕೂರೋದು ಯಾರಿಗೂ ಬೇಡ. ಆದ್ರೆ 720×540 ಯಾವ ಕಂಪನಿಯೂ ಕೊಟ್ಟಿರೋ ಪಟ್ಟಿಯಲ್ಲಿ ಇರ್ಲಿಲ್ಲ, ಅದನ್ನ ಬರೆಯೋಕೆ ಫೈಲ್ ತೆರೆದಿತ್ತು. ಈ ವಿಷಯದಲ್ಲಿ ಹೊಟ್ಟೆಕಿಚ್ಚು ಇರೋದು ನಿಜ.

ಅಂದಹಾಗೆ ಆ ಮಾನಿಟರ್ ಮೂರು ವರ್ಷ ಬಾಳ್ತು. ಸಾಲ ತೀರಿ ಎರಡು ತಿಂಗಳಿಗೆ, ಮುಂಗಾರಿನ ಮುಂಚಿನ ಒಂದು ಸಿಡಿಲಿಗೆ ಹೋಯ್ತು, ಟೈಪಿಂಗ್ ಇನ್‌ಸ್ಟಿಟ್ಯೂಟಿನ ಫೋನೂ ಜೊತೆಗೆ. ಆಮೇಲೆ ತಂದ ಹೊಸ ಮಾನಿಟರ್ ತಾನೇ ಎಲ್ಲ ಹೇಳ್ಕೊಳ್ತಿತ್ತಂತೆ. ಮಾವ ಅದ್ರದ್ದೂ ಸಾಲುಗಳನ್ನ ನೋಟ್‌ಬುಕ್ಕಿಗೆ ಇಳಿಸಿಟ್ಟಿದಾರೆ, ಅಕ್ಷರ ಮಾತ್ರ ಈ ಸಲ ಅವಸರದ್ದು.