ಸೇತುವೆಯ ಮೇಲೆ ನಿಂತ ಇಬ್ಬರು

2020ರ ಜೂನ್ 27. 'ಡಾರ್ಕ್' ಎಂಬ ಜರ್ಮನ್ ಸರಣಿಯ ಕಥೆಯೊಳಗೆ ಜಗತ್ತು ಮುಗಿಯಬೇಕಿದ್ದ ದಿನ ಅದು. ಅದರ ಮೂರನೆಯ ಹಾಗೂ ಕೊನೆಯ ಸೀಸನ್ ನೆಟ್‌ಫ್ಲಿಕ್ಸಿಗೆ ಬಂದದ್ದೂ ಅದೇ ದಿನ. ಹಾಸ್ಟೆಲ್ ಮುಚ್ಚಿದ್ದರಿಂದ ನಾನು ಅರ್ಧ ಬರೆದ ಅಧ್ಯಾಯವೊಂದನ್ನು ಕಟ್ಟಿಕೊಂಡು ಮಲೆನಾಡಿನ ಮನೆಯಲ್ಲಿದ್ದೆ. ಆ ದಿನಗಳಲ್ಲಿ ಜಗತ್ತು ಮುಗಿಯುವ ಕಥೆ ನೋಡಲು ಧೈರ್ಯವೇನೂ ಬೇಕಿರಲಿಲ್ಲ. ಬೇಕಿದ್ದದ್ದು ಕರೆಂಟು ಮತ್ತು ಸಿಗ್ನಲ್ಲು. ಎಂಟು ಕಂತು ಮುಗಿಸಲು ಒಂಬತ್ತು ದಿನ ಹಿಡಿಯಿತು.

ಸರಣಿ ನೋಡದವರು ಇಲ್ಲಿಗೇ ನಿಲ್ಲಿಸಬಹುದು. ಮುಂದೆ ಅದರ ಕೊನೆಯನ್ನೇ ಹೇಳುತ್ತಿದ್ದೇನೆ.

ಬಾರಾನ್ ಬೋ ಓಡಾರ್ ಮತ್ತು ಯಾನ್ತ್ಯೆ ಫ್ರೀಸೆ ಸೃಷ್ಟಿಸಿದ ವಿಂಡೆನ್ ಒಂದು ಚಿಕ್ಕ ಊರು. ಸುತ್ತ ಕಾಡು, ಒಂದು ಅಣುಸ್ಥಾವರ, ಒಂದು ಗುಹೆ. ಗುಹೆಯೊಳಗಿನ ದಾರಿ 33 ವರ್ಷ ಹಿಂದಕ್ಕೋ ಮುಂದಕ್ಕೋ ಕರೆದೊಯ್ಯುತ್ತದೆ. ಕಾಲಪಯಣದ ಎಷ್ಟೋ ಕಥೆಗಳಲ್ಲಿ ಹಿಂದೆ ಹೋಗುವುದು ಏನನ್ನೋ ಸರಿಪಡಿಸಿ ಬರಲಿಕ್ಕೆ. ಇಲ್ಲಿ ಸರಿಪಡಿಸಲು ಹೋದವನೇ ಕೆಡುಕಿಗೆ ಕಾರಣನಾಗುತ್ತಾನೆ. ಅಪ್ಪನ ಆತ್ಮಹತ್ಯೆಯನ್ನು ತಡೆಯಲು ಹೋದ ಯೋನಾಸ್‌ನ ಮಾತೇ ಅಪ್ಪನನ್ನು ಅತ್ತ ತಳ್ಳುತ್ತದೆ. ಷಾರ್ಲಟ್ ಮತ್ತು ಎಲಿಜಬೆತ್ ಒಬ್ಬರಿಗೊಬ್ಬರು ತಾಯಿ, ಒಬ್ಬರಿಗೊಬ್ಬರು ಮಗಳು. ಈ ಗಂಟಿಗೆ ತುದಿಯೇ ಇಲ್ಲ.

ಕೊನೆಯ ಸೀಸನ್ನಿನಲ್ಲಿ ತುದಿ ಸಿಗುತ್ತದೆ, ಅದೂ ಯಾರೂ ಅಷ್ಟಾಗಿ ಗಮನಿಸದ ಗಡಿಯಾರದಂಗಡಿಯ ಟಾನ್‌ಹೌಸ್‌ನ ಬಳಿ. ನಾವು ನೋಡುತ್ತಿದ್ದ ಎರಡೂ ಜಗತ್ತುಗಳಿಗೆ ಮೂಲವಾದ ಇನ್ನೊಂದು ಜಗತ್ತಿದೆ. ಅಲ್ಲಿ 1971ರ ಒಂದು ಮಳೆಯ ರಾತ್ರಿ ಅಪ್ಪನೊಡನೆ ಜಗಳವಾಡಿ ಹೊರಟ ಮಗ, ಸೊಸೆ ಮತ್ತು ಹಸುಗೂಸು ಕಾರು ಅಪಘಾತದಲ್ಲಿ ಸಾಯುತ್ತಾರೆ. ಅವರನ್ನು ಮರಳಿ ತರಲು ಆ ಮುದುಕ ಕಟ್ಟಿದ ಯಂತ್ರ 1986ರಲ್ಲಿ ಜಗತ್ತನ್ನೇ ಸೀಳುತ್ತದೆ. ಯೋನಾಸ್ ಮತ್ತು ಮಾರ್ಥಾ ಆ ರಾತ್ರಿಗೆ ಹೋಗಿ, ಸೇತುವೆ ಮುಚ್ಚಿದೆ ಎಂದು ಹೇಳಿ ಕಾರನ್ನು ಹಿಂದಕ್ಕೆ ಕಳಿಸುತ್ತಾರೆ. ಮಗ ಮನೆಗೆ ಮರಳುತ್ತಾನೆ. ಯಂತ್ರಕ್ಕೆ ಕಾರಣವೇ ಉಳಿಯುವುದಿಲ್ಲ. ಆ ಯಂತ್ರದಿಂದ ಹುಟ್ಟಿದ ಅವರಿಬ್ಬರೂ ಬೆಳಕಿನ ಕಣಗಳಾಗಿ ಕರಗಿಹೋಗುತ್ತಾರೆ.

ಗೆಳೆಯರಲ್ಲಿ ಕೆಲವರಿಗೆ ಈ ಕೊನೆ ಸರಿಬರಲಿಲ್ಲ. ಇಪ್ಪತ್ತಾರು ಕಂತು ಯಾರ ಹಿಂದೆ ಅಲೆದೆವೋ ಅವರು ಇರಲೇ ಇಲ್ಲ ಅಂದರೆ ನಾವು ನೋಡಿದ್ದಾದರೂ ಏನು ಎಂಬುದು ಅವರ ತಕರಾರು. ನ್ಯಾಯವಾದ ತಕರಾರೇ. ಆದರೆ ನನಗೆ ಆ ಸೇತುವೆಯ ದೃಶ್ಯ ಬೇರೊಂದು ಕಡೆ ತಾಗಿತು.

ನನಗೊಬ್ಬ ಅಣ್ಣನಿದ್ದ. ನಾನು ಹುಟ್ಟುವ ಮೂರು ವರ್ಷ ಮೊದಲು, ನಾಲ್ಕನೇ ವಯಸ್ಸಿನಲ್ಲಿ ಜ್ವರ ಬಂದು ತೀರಿಕೊಂಡ. ಆಷಾಢದ ಮಳೆ, ಹಳ್ಳ ಉಕ್ಕಿ ಸಂಕ ಮುಳುಗಿತ್ತು. ಅಪ್ಪ ಅವನನ್ನು ಕಂಬಳಿಯಲ್ಲಿ ಸುತ್ತಿಕೊಂಡು ಈಚೆ ದಡದಲ್ಲಿ ಬೆಳಗಾಗುವವರೆಗೆ ನಿಂತಿದ್ದರಂತೆ. "ಅವತ್ತೊಂದು ದಿನ ಮಳೆ ಬಿಟ್ಟಿದ್ದಿದ್ರೆ" ಎಂದು ಅಮ್ಮ ಈಗಲೂ ಹೇಳುತ್ತಾಳೆ. ಹೇಳಿ, ಒಲೆಯ ಕೆಂಡ ಸರಿಮಾಡುತ್ತಾಳೆ.

ಅಣ್ಣ ಮತ್ತು ಅಕ್ಕ: ಆರತಿಗೊಬ್ಬಳು, ಕೀರ್ತಿಗೊಬ್ಬ. ಅಲ್ಲಿಗೆ ಸಾಕು ಎಂದುಕೊಂಡಿದ್ದ ಮನೆ ನಮ್ಮದು. ಅಂದರೆ ಅವತ್ತು ಮಳೆ ಬಿಟ್ಟಿದ್ದರೆ ನಾನಿಲ್ಲ. ಚಿಕ್ಕಂದಿನಿಂದ ಕೇಳಿದ ಆ ಮಾತಿನೊಳಗೆ ಈ ಲೆಕ್ಕವೂ ಇದೆ ಎಂಬುದು ನನಗೆ ಯಾವಾಗಲೋ ತಿಳಿದಿತ್ತು. ಅಮ್ಮನಿಗೆ ತಿಳಿದಿದೆಯೋ ಇಲ್ಲವೋ, ಕೇಳುವ ಬಾಯಿ ನನಗೆ ಬಂದಿಲ್ಲ. ನನ್ನ ಮೇಲಿನ ಪ್ರೀತಿ ಕಡಿಮೆಯಾಗಿ ಅವಳು ಹಾಗೆ ಹೇಳುವುದಿಲ್ಲ. ಹೋದ ಮಗುವನ್ನು ಬೇಡುವಾಗ ಯಾವ ತಾಯಿಯೂ ಲೆಕ್ಕ ಹಾಕುವುದಿಲ್ಲ. ಟಾನ್‌ಹೌಸ್‌ಗೂ ಯಾರನ್ನೂ ಹುಟ್ಟಿಸುವ ಉದ್ದೇಶವಿರಲಿಲ್ಲ; ಅವನಿಗೆ ಬೇಕಿದ್ದದ್ದು ಮಗ, ಸೊಸೆ, ಮೊಮ್ಮಗು ಅಷ್ಟೇ.

ಯೋನಾಸ್‌ನ ಜಾಗದಲ್ಲಿ ನಾನಿದ್ದರೆ ಕಾರು ತಡೆಯುತ್ತಿದ್ದೆನೇ? ಪ್ರಾಮಾಣಿಕವಾಗಿ, ಗೊತ್ತಿಲ್ಲ. ಸರಣಿಯಲ್ಲಿಯೂ ಅದು ಸುಲಭದ ಪ್ರಶ್ನೆಯಲ್ಲ. ಮುದಿ ಮಾರ್ಥಾ ತನ್ನ ಮಗ ಉಳಿಯಲೆಂದೇ ಇಡೀ ಗಂಟನ್ನು ಕಾಯುತ್ತಾಳೆ. ಕ್ಲೌಡಿಯಾ ತನ್ನ ಮಗಳು ರೆಗಿನಾ ಬದುಕಲೆಂದು ಅದೇ ಗಂಟನ್ನು ಬಿಚ್ಚುವ ದಾರಿ ಹುಡುಕುತ್ತಾಳೆ. ಇಬ್ಬರೂ ತಾಯಂದಿರೇ. ತಪ್ಪು ಯಾರದೆಂದು ಹೇಳುವುದು ನನ್ನಿಂದಾಗಲಿಲ್ಲ.

ಗಂಟು ಬಿಚ್ಚಿದ ಮೇಲೆ ಉಳಿದ ಜಗತ್ತಿನಲ್ಲಿ ರೆಗಿನಾಳ ಮನೆಯ ಊಟದ ಮೇಜಿನ ಸುತ್ತ ಆರು ಜನರಿದ್ದಾರೆ. ಹೊರಗೆ ಮಳೆ, ಕರೆಂಟು ಹೋಗುತ್ತದೆ. ಬಸುರಿ ಹಾನ್ನಾ ಅಲ್ಲಿದ್ದ ಹಳದಿ ರೇನ್‌ಕೋಟನ್ನೇ ನೋಡುತ್ತ ಕೂರುತ್ತಾಳೆ, ಎಲ್ಲೋ ಕಂಡಂತೆ. ಮಗುವಿಗೆ ಹೆಸರೇನು ಎಂದರೆ, ಯೋನಾಸ್ ಚೆನ್ನಾಗಿದೆ ಅನ್ನುತ್ತಾಳೆ. ಇಲ್ಲವೇ ಇಲ್ಲ ಎಂದಾದವನ ಹೆಸರೊಂದು ಹೇಗೋ ಉಳಿದುಬಿಟ್ಟಿದೆ.

ಅಮ್ಮ ಒಮ್ಮೊಮ್ಮೆ ಅವಸರದಲ್ಲಿ ನನ್ನನ್ನು ಅಣ್ಣನ ಹೆಸರಿನಿಂದ ಕರೆಯುತ್ತಾಳೆ. ನಾನು ತಿದ್ದುವುದಿಲ್ಲ. ಓಗೊಡುತ್ತೇನೆ.